ಬಾಯಿ ಬೆಲೆ, ಕಾಗದದ ಬೆಲೆ

ಕಲಬುರಗಿಯಿಂದ ಆಳಂದದ ಹಾದಿ ಹಿಡಿದರೆ ಕಡಗಂಚಿ ಬರುವ ಹೊತ್ತಿಗೆ ಹೊಲಗಳಲ್ಲಿ ಮೊಳದುದ್ದದ ಕಲ್ಲುಗಳು ಕಾಣತೊಡಗುತ್ತವೆ. ಮೈಗೆ ಸುಣ್ಣ, ತಲೆಗೆ ಕೆಂಪು ಬಣ್ಣ. ಕಲ್ಲಿಗೂ ಕಲ್ಲಿಗೂ ನಡುವೆ ಹೋದ ವರ್ಷದ ತೊಗರಿ ಕೂಳೆ ಹಾಗೇ ನಿಂತಿರುತ್ತದೆ. ಮುಂದೊಂದು ಕಮಾನು, ಅದರ ಮೇಲೆ ದೇವರ ಹೆಸರಿಗೆ ಅಂಟಿಸಿದ ‘ನಗರ’. ಒಳಗೆ ರಸ್ತೆಯಿಲ್ಲ, ಚರಂಡಿಯಿಲ್ಲ, ಲೈಟಿನ ಕಂಬವಿಲ್ಲ. ಅವಸರಕ್ಕೆ ಬಿದ್ದು ಯಾರೋ ಕಟ್ಟಿಕೊಂಡ ಒಂದೇ ಮನೆ, ಅದರ ಗೋಡೆಯಲ್ಲಿ ಬಾಗಿಲ ಮೂಲೆಯಿಂದ ಮಾಳಿಗೆಯತನಕ ಬಿರುಕು. ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಜೋಳ, ತೊಗರಿಗೆ ಅದೇ ಗುಣ ಬೇಕು. ಬುನಾದಿಗೆ ಅದೇ ಶತ್ರು.

ಇಂಥದೇ ಒಂದು ಕಮಾನಿನ ಎದುರಿಗಿದ್ದ ಚಹಾದಂಗಡಿಯಲ್ಲಿ ದಲಾಲಿ ಮಾಡುವ ಹುಡುಗನನ್ನು ಎಕರೆ ಎಷ್ಟು ಎಂದು ಕೇಳಿದೆ. ಅವನು ನನ್ನನ್ನೇ ತಿರುಗಿ ಕೇಳಿದ: “ಯಾವ ರೇಟ್ ಹೇಳ್ಲಿ ಕಾಕಾ? ಬಾಯಾಗಿಂದ ಒಂದದ, ಕಾಗದದಾಗಿಂದ ಒಂದದ.” ಹೇಳುವಾಗ ಅವನಿಗೆ ಸಂಕೋಚವೇನೂ ಇರಲಿಲ್ಲ. ಅಂಗಡಿಯಲ್ಲಿದ್ದ ಯಾರಿಗೂ ಇರಲಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಭೂಮಿಯ ಮುಂದಿನ ಕಥೆಯೆಲ್ಲ ಆ ಹುಡುಗನ ಮಾತಿನಲ್ಲಿದೆ. ‘ನಮ್ಮ ಭಾಗಕ್ಕೂ ಕಾಲ ಬಂತು, ಭೂಮಿಗೆ ಬಂಗಾರದ ಬೆಲೆ ಬಂತು’ ಎಂದು ಭಾಷಣ ಮಾಡುವವರನ್ನು ನಾನು ಕೇಳುವುದು ಇಷ್ಟೇ: ಯಾವ ಬೆಲೆ ಬಂತು? ಬಾಯಿ ಬೆಲೆಯೋ, ಕಾಗದದ ಬೆಲೆಯೋ? ಇವೆರಡೂ ಒಂದಾಗುವತನಕ ಇಲ್ಲಿ ನಡೆಯುವುದು ಅಭಿವೃದ್ಧಿಯಲ್ಲ, ಕಲ್ಲು ನೆಡುವ ಕೆಲಸ ಮಾತ್ರ.

ಆಸೆಗೆ ಕಾರಣಗಳಿವೆ, ಅಲ್ಲಗಳೆಯುವುದಿಲ್ಲ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಯಲ್ಲಿ ನೆಲೆ ನಿಂತಿದೆ. ಈ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ತಂದ ಸಂವಿಧಾನದ 371(ಜೆ) ವಿಧಿ ಬಂದು ದಶಕ ದಾಟಿತು. ನೌಕರಿ ಹಿಡಿದ ಮೊದಲ ತಲೆಮಾರಿನ ಮಕ್ಕಳು ಸಂಬಳದಲ್ಲಿ ಉಳಿಸಿದ್ದನ್ನು ಪ್ಲಾಟಿಗೆ ಹಾಕುತ್ತಿದ್ದಾರೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. 2019ರ ನವೆಂಬರ್‌ನಲ್ಲಿ ಕಲಬುರಗಿಗೆ ವಿಮಾನ ನಿಲ್ದಾಣ ಬಂತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79(ಎ), 79(ಬಿ) ಕಲಮುಗಳನ್ನು ತೆಗೆದ ಮೇಲೆ ಕೃಷಿಕನಲ್ಲದವನೂ ಹೊಲ ಕೊಳ್ಳಬಹುದಾಯಿತು. ಎಲ್ಲಕ್ಕಿಂತ ಮಿಗಿಲಾಗಿ ಸೂರತ್-ಚೆನ್ನೈ ಹೆದ್ದಾರಿ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ಇದರ 71 ಕಿ.ಮೀ. ಭಾಗಕ್ಕೆ ಶಂಕುಸ್ಥಾಪನೆ ಮಾಡಿದರು. ಆರು ರಾಜ್ಯಗಳ ಈ ಹಾದಿ 1,600 ಕಿ.ಮೀ. ದೂರವನ್ನು 1,270ಕ್ಕೆ ಇಳಿಸುತ್ತದಂತೆ. ಅಫಜಲಪುರ, ಜೇವರ್ಗಿಯ ಹೊಲಗಳನ್ನು ಸೀಳಿಕೊಂಡು ಅದು ಹೋಗುತ್ತದೆ.

ವಿವಾದ ಹುಟ್ಟಿದ್ದೂ ಅಲ್ಲೇ. ಹೆದ್ದಾರಿಗೆ ಹೋದ ಭೂಮಿಗೆ ಪರಿಹಾರ ಕಡಿಮೆಯಾಯಿತೆಂದು ರೈತರು ಧರಣಿ ಕೂತರು, ಮನವಿ ಕೊಟ್ಟರು. ಅಧಿಕಾರಿಗಳು ಕಾಯ್ದೆ ತೋರಿಸಿದರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಬೆಲೆ ಕಟ್ಟುವಾಗ ಮುಖ್ಯವಾಗಿ ಎರಡನ್ನು ನೋಡುತ್ತಾರೆ. ಒಂದು, ಸರ್ಕಾರದ ಮಾರ್ಗಸೂಚಿ ದರ. ಎರಡು, ಆಸುಪಾಸಿನ ಇಂಥದೇ ಭೂಮಿಗೆ ಹಿಂದಿನ ಮೂರು ವರ್ಷಗಳಲ್ಲಿ ನೋಂದಣಿಯಾದ ಖರೇದಿ ಪತ್ರಗಳು. ಅವುಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟು ಪತ್ರಗಳನ್ನು ತೆಗೆದುಕೊಂಡು ಸರಾಸರಿ. ಯಾವುದು ಹೆಚ್ಚೋ ಅದು. ಆಮೇಲೆ ಹಳ್ಳಿಯ ಭೂಮಿಗೆ ಎರಡರವರೆಗೆ ಗುಣಕ, ಅದರ ಮೇಲೆ ಶೇ 100ರಷ್ಟು ಸಾಂತ್ವನ ಧನ.

ಲೆಕ್ಕಕ್ಕೆಂದು ಹಿಡಿಯೋಣ. ಒಂದು ಊರಲ್ಲಿ ಎಕರೆಯ ಬಾಯಿ ಬೆಲೆ 40 ಲಕ್ಷ, ಖರೇದಿ ಪತ್ರಗಳಲ್ಲಿ ಬರೆದದ್ದು 8 ಲಕ್ಷ. ಗುಣಕ ಪೂರ್ತಿ ಎರಡೇ ಹಿಡಿದರೂ 16, ಸಾಂತ್ವನ ಧನ ಸೇರಿಸಿದರೆ 32 ಲಕ್ಷ. ಸರ್ಕಾರ ತನ್ನ ಲೆಕ್ಕದಲ್ಲಿ ನಾಲ್ಕು ಪಟ್ಟು ಕೊಟ್ಟಿತು, ರೈತನ ಲೆಕ್ಕದಲ್ಲಿ ಎಂಟು ಲಕ್ಷ ಕಡಿಮೆ ಕೊಟ್ಟಿತು. ಅದೇ ಊರಿನ ಪತ್ರಗಳಲ್ಲಿ 40 ಎಂದೇ ಬರೆದಿದ್ದರೆ? ಅದೇ ಗುಣಕ, ಅದೇ ಕಾಯ್ದೆ, ಒಂದು ಕೋಟಿ ಅರವತ್ತು ಲಕ್ಷ. ನಡುವಿನ ಆ ಒಂದು ಕೋಟಿ ಇಪ್ಪತ್ತೆಂಟು ಲಕ್ಷವನ್ನು ದಿಲ್ಲಿಯವರು ಕದಿಯಲಿಲ್ಲ. ನಮ್ಮೂರಿನ ಉಪನೋಂದಣಿ ಕಚೇರಿಯ ಮುಂದೆ, ಪತ್ರ ಬರೆಯುವವನ ಮೇಜಿನ ಮೇಲೆ, ನಾವು ನಾವೇ ಕೂತು ಅಳಿಸಿಹಾಕಿದೆವು.

ಯಾಕೆ ಅಳಿಸಿದೆವು? ಕೊಳ್ಳುವವನಿಗೆ ಲಾಭವಿದೆ. ಶೇ 5ರ ಮುದ್ರಾಂಕ ಶುಲ್ಕ, 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆದ ನೋಂದಣಿ ಶುಲ್ಕ, ಎರಡೂ ತಗ್ಗುತ್ತವೆ. ಲೆಕ್ಕವಿಲ್ಲದ ಹಣಕ್ಕೂ ಜಾಗ ಸಿಗುತ್ತದೆ. ಮಾರುವ ರೈತನಿಗೆ ಏನು ಸಿಕ್ಕಿತು? ‘ಪೂರ್ತಿ ಬರೆದರೆ ನಿಮಗೇ ಇನ್‌ಕಮ್ ಟ್ಯಾಕ್ಸ್ ಬರ್ತದ’ ಎಂದು ಹೆದರಿಸುತ್ತಾರೆ. ಇದು ದಲಾಲಿ ಬಜಾರಿನ ದೊಡ್ಡ ಸುಳ್ಳು. ಆದಾಯ ತೆರಿಗೆ ಕಾಯ್ದೆಯಲ್ಲಿ ಗ್ರಾಮೀಣ ಕೃಷಿಭೂಮಿಯನ್ನು ಬಂಡವಾಳ ಆಸ್ತಿಯೆಂದೇ ಎಣಿಸುವುದಿಲ್ಲ. ಹತ್ತು ಸಾವಿರದಿಂದ ಒಂದು ಲಕ್ಷದವರೆಗೆ ಜನಸಂಖ್ಯೆಯಿರುವ ಪುರಸಭೆಯ ಗಡಿಯಿಂದ 2 ಕಿ.ಮೀ. ಆಚೆಗಿದ್ದರೆ ಸಾಕು. 2011ರ ಜನಗಣತಿಯಲ್ಲಿ ಆಳಂದ ಪಟ್ಟಣ 42 ಸಾವಿರದ ಆಸುಪಾಸಿನಲ್ಲಿತ್ತು. ಅಫಜಲಪುರ, ಜೇವರ್ಗಿ ಎರಡೂ 30 ಸಾವಿರ ಮುಟ್ಟಿರಲಿಲ್ಲ. ಅಂದರೆ ಈ ಮೂರೂ ತಾಲ್ಲೂಕುಗಳ ಬಹುಪಾಲು ಹೊಲಗಳನ್ನು ಮಾರಿದರೆ ಬಂಡವಾಳ ಲಾಭದ ತೆರಿಗೆಯೇ ಇಲ್ಲ. ತೆರಿಗೆಯಿಲ್ಲದ ಹಣವನ್ನು ರೈತ ಕಪ್ಪು ಹಣ ಮಾಡಿಕೊಂಡು, ಬ್ಯಾಂಕಿಗೂ ಹಾಕಲಾಗದೆ, ಜ್ವಾಳದ ಚೀಲದಲ್ಲಿ ಬಚ್ಚಿಟ್ಟು ಕಾಯುತ್ತಾನೆ. ಕೊಂಡವನ ಶುಲ್ಕ ಉಳಿಸಲು ಮಾರಿದವನು ಕಳ್ಳನಾಗುವ ವ್ಯವಹಾರ ಇದು.

ಇನ್ನು ಪ್ಲಾಟು. ಒಂದು ಎಕರೆಯೆಂದರೆ 43,560 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಎಲ್ಲ ಬಿಟ್ಟು ನಿವೇಶನಕ್ಕೆ ಶೇ 55 ಉಳಿಯಿತೆನ್ನಿ, 30x40ರ ಸುಮಾರು ಇಪ್ಪತ್ತು ಪ್ಲಾಟು ಬರುತ್ತವೆ. ಉದ್ಯಾನ ನುಂಗಿ, ಹಾದಿಯನ್ನು ಎತ್ತಿನ ಬಂಡಿಯಗಲಕ್ಕೆ ಇಳಿಸಿದರೆ ಇಪ್ಪತ್ತೇಳು. ಆ ಹೆಚ್ಚಿನ ಏಳು ಪ್ಲಾಟುಗಳು ಮಕ್ಕಳು ಆಡಬೇಕಾದ ಜಾಗ, ಅಗ್ನಿಶಾಮಕದ ಗಾಡಿ ತಿರುಗಬೇಕಾದ ಜಾಗ. 500 ಚದರ ಮೀಟರ್ ದಾಟಿದ ಲೇಔಟ್ ರೇರಾದಲ್ಲಿ ನೋಂದಣಿಯಾಗಬೇಕು ಎನ್ನುತ್ತದೆ 2016ರ ರಿಯಲ್ ಎಸ್ಟೇಟ್ ಕಾಯ್ದೆ. ಅಂದರೆ ಐದು ಗುಂಟೆ ದಾಟಿದರೆ ಸಾಕು. ಆದರೆ ಇಲ್ಲಿ ಎನ್‌.ಎ. (ಕೃಷಿಯೇತರ ಪರಿವರ್ತನೆ) ಆಗದ ಹೊಲವನ್ನೇ ಗುಂಟೆ ಲೆಕ್ಕದಲ್ಲಿ ಕತ್ತರಿಸುತ್ತಾರೆ. ಕೆಲವರಿಗೆ ಪಹಣಿಯಲ್ಲಿ ಜಂಟಿ ಹೆಸರು, ಉಳಿದವರಿಗೆ ಬರೀ ಬಾಂಡ್ ಪೇಪರು.

ಕೊಳ್ಳುವವರು ಯಾರು? ಪುಣೆ, ಮುಂಬೈ, ಹೈದರಾಬಾದ್‌ಗಳಿಗೆ ದುಡಿಯಲು ಹೋದ ನಮ್ಮವರೇ. ಅಲ್ಲಿ ಮಂದಿಯ ಅಪಾರ್ಟ್‌ಮೆಂಟಿಗೆ ಗಿಲಾವು ಮಾಡಿ, ಊರಲ್ಲೊಂದು ಸ್ವಂತ ಜಾಗ ಇರಲೆಂದು ವರ್ಷಗಟ್ಟಲೆ ಕಂತು ಕಟ್ಟುತ್ತಾರೆ. ಕೊನೆಗೆ ಕೈಗೆ ಬರುವುದು ನೂರು ರೂಪಾಯಿಯ ಬಾಂಡು. ಬ್ಯಾಂಕು ಅದಕ್ಕೆ ಸಾಲ ಕೊಡುವುದಿಲ್ಲ, ಪಂಚಾಯಿತಿ ನೀರು ಕೊಡುವುದಿಲ್ಲ. ಅಂಥ ಬಡಾವಣೆಗಳನ್ನು ಬಿ-ಖಾತಾ, 11-ಬಿ ಎಂದು ದಾಖಲೆಗೆ ತರಲು ಸರ್ಕಾರ 2025ರಲ್ಲಿ ಹೊರಟಿತು. ಮೋಸಹೋದ ಬಡವನಿಗೆ ಅದು ಬೇಕೇ ಬೇಕು. ಆದರೆ ‘ಇದೊಂದೇ ಸಲ’ ಎನ್ನುವ ಮಾತನ್ನು ಲೇಔಟ್ ಮಾಡಿದವನು ‘ಇನ್ನೊಂದು ಸಲವೂ ಬರ್ತದ’ ಎಂದೇ ಓದಿಕೊಳ್ಳುತ್ತಾನೆ. ಖಾತಾ ಕೊಡುವ ಮುನ್ನ, ರಸ್ತೆ-ಚರಂಡಿಯ ಖರ್ಚನ್ನು ಲಾಭ ಹೊಡೆದವನಿಂದ ವಸೂಲಿ ಮಾಡುವ ಧೈರ್ಯ ಯಾವ ಪಕ್ಷಕ್ಕಿದೆ?

ಇದರ ಅಣಕವನ್ನು ಮಳಖೇಡದ ಆ ವೇದಿಕೆಯಲ್ಲೇ ನೋಡಬಹುದಿತ್ತು. ಹೆದ್ದಾರಿಗೆ ಶಂಕುಸ್ಥಾಪನೆಯಾದ ದಿನವೇ ಐದು ಜಿಲ್ಲೆಗಳ ತಾಂಡಾ, ಹಟ್ಟಿಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ತಲೆಮಾರುಗಳಿಂದ ದಾಖಲೆಯಿಲ್ಲದೆ ಬದುಕಿದವರಿಗೆ ಕಾಗದ ಸಿಕ್ಕಿತು, ಒಳ್ಳೆಯ ಕೆಲಸ. ಆದರೆ ಅದೇ ಹೆದ್ದಾರಿಯ ಹೆಸರು ಹೇಳಿಕೊಂಡು ನಾವೀಗ ದಾಖಲೆಯಿಲ್ಲದ ಹೊಸ ಊರುಗಳನ್ನು ಕಟ್ಟುತ್ತಿದ್ದೇವೆ. ಇವುಗಳಿಗೆ ಹಕ್ಕುಪತ್ರ ಹಂಚಲು ಇನ್ನೆಷ್ಟು ವರ್ಷಕ್ಕೆ, ಯಾವ ಪ್ರಧಾನಿ ಬರಬೇಕು?

‘ಹೆದ್ದಾರಿಗೆ ಹಚ್ಚಿ ಪ್ಲಾಟು’ ಎನ್ನುವ ಜಾಹೀರಾತನ್ನೂ ಸ್ವಲ್ಪ ನಿಂತು ಓದಿ. ಈ ಹೆದ್ದಾರಿ ಬೇಕಾದಲ್ಲಿ ಹತ್ತಿ, ಬೇಕಾದಲ್ಲಿ ಇಳಿಯುವ ಹಾದಿಯಲ್ಲ. ಗೊತ್ತುಮಾಡಿದ ಕಡೆ ಮಾತ್ರ ಒಳಗೆ ಬಿಡುತ್ತಾರೆ, ಉಳಿದ ಕಡೆಯೆಲ್ಲ ಬೇಲಿ. ಅದರ ಪಕ್ಕದ ಪ್ಲಾಟಿನವನಿಗೆ ಸಿಗುವುದು ಲಾರಿಗಳ ಸದ್ದು ಮಾತ್ರ. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಇವತ್ತಿಗೂ ರೈಲಿಲ್ಲ. ಭೀಮೆ ಬೇಸಿಗೆಯಲ್ಲಿ ಒಣಗುತ್ತಾಳೆ, ಉಜನಿ ಜಲಾಶಯದಿಂದ ನೀರು ಬಿಡಿ ಎಂದು ನಾವು ಮಹಾರಾಷ್ಟ್ರಕ್ಕೆ ಕೈಮುಗಿಯುತ್ತೇವೆ. 2020ರ ಅಕ್ಟೋಬರ್‌ನಲ್ಲಿ ಅದೇ ಭೀಮೆ ಉಕ್ಕಿ ಊರುಗಳನ್ನು ಖಾಲಿ ಮಾಡಿಸಿದಳು. ಕುಡಿಯುವ ನೀರು ಎಲ್ಲಿಂದ, ನೆರೆಯ ಗೆರೆ ಎಲ್ಲಿಯತನಕ ಎಂಬುದನ್ನು ಬರೆದ ಬ್ರೋಷರನ್ನು ನಾನಂತೂ ಕಂಡಿಲ್ಲ.

ನನ್ನ ಮಾತಿಗೆ ಒಂದು ಗಟ್ಟಿ ಉತ್ತರವಿದೆ. ‘ನೀವು ಪೇಪರಿಗೆ ಬರೀತೀರಿ, ಹೊಲ ಮಾಡಿ ನೋಡ್ರಿ’ ಎನ್ನುತ್ತಾರೆ. ಸರಿ. 2022ರಲ್ಲಿ ನೆಟೆ ರೋಗ ಬಿದ್ದು ಕಾಯಿ ಕಟ್ಟಿದ ತೊಗರಿ ನಿಂತಲ್ಲೇ ಒಣಗಿತು. 2019ರಲ್ಲಿ ಕಲಬುರಗಿ ತೊಗರಿಗೆ ಸಿಕ್ಕ ಜಿಐ ಗುರುತು ಆ ಬೆಳೆಯನ್ನು ಉಳಿಸಲಿಲ್ಲ. ಒಕ್ಕಲುತನ ಮಾಡುವ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ. ಮಾರುವವನನ್ನು ಹಳಿಯುವ ಹಕ್ಕು ನನಗಿಲ್ಲ, ಅವನು ಮಾರಲಿ. ಹೊಲವನ್ನು ತಾಯಿ ಎಂದು ಹಾಡಿ ರೈತನನ್ನು ಅದಕ್ಕೇ ಕಟ್ಟಿಹಾಕುವ ಪಟ್ಟಣದವರ ಪೈಕಿ ನಾನಲ್ಲ. ಆದರೆ ಮಾರಿದ ಬೆಲೆಯನ್ನು ಬರೆಯಲಿ. ಒಬ್ಬ ತನ್ನ ಪತ್ರದಲ್ಲಿ ಬರೆಸಿದ ಸುಳ್ಳು ಅವನ ಮನೆಯಲ್ಲೇ ಉಳಿಯುವುದಿಲ್ಲ. ಮೂರು ವರ್ಷ ಅದು ಇಡೀ ಊರಿನ ಬೆಲೆಯಾಗುತ್ತದೆ. ಮಾರಲು ಮನಸ್ಸಿಲ್ಲದೆ ಭೂಮಿ ಕಳೆದುಕೊಂಡ ಬಾಜೂ ಹೊಲದವನ ಪರಿಹಾರ ಆ ಸುಳ್ಳಿನ ಮೇಲೆ ನಿಲ್ಲುತ್ತದೆ.

ಘೋಷಣೆಗಳನ್ನು ನಂಬಿ ಕಾಯುವುದೂ ನಮಗೆ ಹೊಸತಲ್ಲ. ಜೇವರ್ಗಿ ಹಾದಿಯಲ್ಲಿ ಭೀಮೆಯ ದಂಡೆಗೆ ಫಿರೋಜಾಬಾದಿದೆ. 1400ರ ಸುಮಾರಿಗೆ ಫಿರೋಜ್ ಷಾ ಬಹಮನಿ ಅಲ್ಲಿ ಹೊಸ ನಗರ ಕಟ್ಟಿಸಿದ. ಕೋಟೆ, ಮಸೀದಿ, ಹಮಾಮು ಎಲ್ಲ ಎದ್ದವು. ಕಾಲು ಶತಮಾನದ ಆಸುಪಾಸಿನಲ್ಲಿ ರಾಜ ಹೋದ, ರಾಜಧಾನಿ ಬೀದರಿಗೆ ಹೋಯಿತು, ನಗರ ಪಾಳುಬಿತ್ತು. ಅದೇ ಸೀಮೆಯ ಭೂಮಿಯನ್ನು ನಮ್ಮ ಕಾಲದಲ್ಲಿ ಉಷ್ಣ ವಿದ್ಯುತ್ ಸ್ಥಾವರಕ್ಕೆಂದು ತೆಗೆದುಕೊಂಡರು. ಸ್ಥಾವರ ಬರಲಿಲ್ಲ. 2023ರಲ್ಲಿ ಅಲ್ಲೇ ಸಾವಿರ ಎಕರೆಯ ಜವಳಿ ಪಾರ್ಕ್ ಎಂದು ಘೋಷಿಸಿದರು. ಬರಲಿ, ಕೈಗೆ ಕೆಲಸ ಸಿಗಲಿ. ಆದರೆ ಘೋಷಣೆಯಾದ ದಿನವೇ ಏರುವ ಬಾಯಿ ಬೆಲೆಗೆ ಯಾವ ಯಂತ್ರವೂ ತಿರುಗಬೇಕಿಲ್ಲ ಎಂಬುದನ್ನು ಫಿರೋಜಾಬಾದಿನ ಕಲ್ಲುಗಳು ಚೆನ್ನಾಗಿ ಬಲ್ಲವು.

ಏನಾಗಬೇಕು? ಮಾರ್ಗಸೂಚಿ ದರವನ್ನು ನಿಜದ ಹತ್ತಿರಕ್ಕೆ ತರಬೇಕು, ಅದೂ ಯೋಜನೆಯ ಅಧಿಸೂಚನೆ ಹೊರಡುವ ಮೊದಲು. ರೈತ ಸಂಘಟನೆಗಳು ಪರಿಹಾರಕ್ಕೆ ಧರಣಿ ಕೂಡುವಷ್ಟೇ ಹಟದಿಂದ ಇದಕ್ಕೂ ಕೂಡಬೇಕು. ಯಾಕೆಂದರೆ ಪರಿಹಾರದ ಜಗಳ ಅಧಿಸೂಚನೆಯ ದಿನಕ್ಕೇ ಮುಕ್ಕಾಲು ಸೋತಿರುತ್ತದೆ. ಎನ್‌.ಎ. ಇಲ್ಲದ ಹೊಲದಲ್ಲಿ ಕಲ್ಲು ಕಂಡರೆ, ಮೊದಲ ಪ್ಲಾಟು ಮಾರುವ ಮುನ್ನವೇ ಪಂಚಾಯಿತಿ ಕೀಳಿಸಬೇಕು. ಮಂಜೂರಾದ ಲೇಔಟುಗಳ ಪಟ್ಟಿ ಪಂಚಾಯಿತಿ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಇರಬೇಕು. ಪುಣೆಯಿಂದ ಹಬ್ಬಕ್ಕೆ ಬಂದವನು ಬಸ್ಸಿಳಿದು ಓದುವಂತಿರಬೇಕು.

ಚಹಾದಂಗಡಿಯಿಂದ ಏಳುವಾಗ ಆ ಹುಡುಗನನ್ನು ಕೇಳಿದೆ, ‘ನಿಮ್ಮ ಹೊಲಾನೂ ಹೆದ್ದಾರಿಗೆ ಹೋಗಿದ್ರ?’ ಅವನು ಗ್ಲಾಸು ಕೆಳಗಿಟ್ಟ. “ಹಂಗೇನರ ಆದ್ರ ಬಾಯಾಗಿನ ರೇಟೇ ಕೇಳ್ತೀನಿ ಕಾಕಾ.”

ಕೇಳಬಹುದು. ಅಲ್ಲಿ ಮೇಜಿನಾಚೆ ಕೂತ ಅಧಿಕಾರಿ ಕಡತ ಬಿಚ್ಚುತ್ತಾನೆ. ಅದರೊಳಗೆ ಇರುವುದು ಈ ಹುಡುಗನೇ ಓಡಾಡಿ ಮಾಡಿಸಿದ ಖರೇದಿ ಪತ್ರಗಳು.