ಉಪ್ಪಿಲ್ಲದ ಕಡಲಿನಲ್ಲಿ ಮೂರು ದಿನ

"ಮಗಳು ಅಳಿಯನ ಜೊತೆ ಅಮೆರಿಕದ ಒಂದು ದೊಡ್ಡ ಕೆರೆಗೆ ಹೋಗುತ್ತಾಳಂತೆ. ತಾವೇ ಹುಟ್ಟು ಹಾಕಿಕೊಂಡು ದ್ವೀಪಕ್ಕೆ ಹೋಗಿ, ಡೇರೆಯಲ್ಲಿ ಮಲಗಿ, ಮೂರನೆಯ ದಿನ ಬರುವುದಂತೆ. ನನಗೆ ನಿದ್ದೆಯೇ ಹತ್ತುತ್ತಿಲ್ಲ. ಇದೆಲ್ಲ ನಮ್ಮ ದೀನಿಗೆ ಒಪ್ಪುತ್ತದೆಯೇ?"

ತಾಯಿಯೊಬ್ಬರು ಕಳೆದ ವರ್ಷ ಕೇಳಿದ ಪ್ರಶ್ನೆ ಇದು. ಮಗಳು ಹೋಗಿ ಕ್ಷೇಮವಾಗಿ ಮರಳಿದ್ದಾಳೆ, ಅಲ್‌ಹಮ್ದುಲಿಲ್ಲಾಹ್. ಆಮೇಲೆ ಅವಳೊಂದಿಗೆ ಫೋನಿನಲ್ಲಿ ವಿವರವಾಗಿ ಮಾತನಾಡಿದೆ. ಗಂಡ ಜೊತೆಗಿದ್ದುದರಿಂದ ಮಹ್ರಮ್‌ನ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಒಂಟಿಯಾಗಿ ಹೋಗುವವರ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯಗಳಿವೆ, ಅದನ್ನು ನಿಮ್ಮ ಊರಿನ ಆಲಿಮರಲ್ಲಿ ಕೇಳಿಕೊಳ್ಳಿ. ತಾಯಿಯ ಪ್ರಶ್ನೆಯೊಳಗೆ ಅಡಗಿದ್ದ ಭಯವಿದೆಯಲ್ಲ, ಅದರ ಬಗ್ಗೆ ಬರೆಯಬೇಕೆನಿಸಿತು.

ಕೆರೆ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಊರಾಚೆಯ ಏರಿ, ಎಮ್ಮೆ, ಬಟ್ಟೆ ಒಗೆಯುವ ಕಲ್ಲು. ಅವಳು ಹೋದ ಸುಪೀರಿಯರ್ ಸರೋವರದ ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು! ಆಳ 400 ಮೀಟರ್ ದಾಟುತ್ತದೆ. ಭೂಮಿಯ ಮೇಲ್ಮೈಯಲ್ಲಿರುವ ಸಿಹಿನೀರಿನ ಹತ್ತರಲ್ಲೊಂದು ಭಾಗ ಅಲ್ಲಿದೆಯೆನ್ನುತ್ತಾರೆ. ಉಪ್ಪಿಲ್ಲ ಎಂಬುದನ್ನು ಬಿಟ್ಟರೆ ಅದು ಕಡಲೇ. 1975ರ ನವೆಂಬರ್ 10ರ ರಾತ್ರಿ 222 ಮೀಟರ್ ಉದ್ದದ 'ಎಡ್ಮಂಡ್ ಫಿಟ್ಸ್‌ಜೆರಾಲ್ಡ್' ಎಂಬ ಸರಕು ಹಡಗು ಈ ಸರೋವರದ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅದರಲ್ಲಿದ್ದ 29 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಹಾಗಾಗಿ ತಾಯಿಯ ಭಯವನ್ನು ಹೆಂಗಸರ ಪುಕ್ಕಲುತನವೆಂದು ತಳ್ಳಿಹಾಕುವವರು ಸರೋವರವನ್ನು ತಿಳಿದವರಲ್ಲ.

ಸರೋವರದ ದಕ್ಷಿಣ ಅಂಚಿನಲ್ಲಿ, ವಿಸ್ಕಾನ್ಸಿನ್ ರಾಜ್ಯದ ಬೇಫೀಲ್ಡ್ ಎಂಬ ಪುಟ್ಟ ಊರಿನ ಆಚೆ, ಅಪೋಸಲ್ ದ್ವೀಪಗಳ ಗುಂಪಿದೆ. ಇರುವ 22 ದ್ವೀಪಗಳಲ್ಲಿ 21 ದ್ವೀಪಗಳನ್ನು ಅಮೆರಿಕದ ಸರಕಾರ 1970ರಲ್ಲಿ ಸ್ಥಾಪಿಸಿದ ಸಂರಕ್ಷಿತ ಪ್ರದೇಶದೊಳಕ್ಕೆ ಸೇರಿಸಿಕೊಂಡಿದೆ. ಓಜಿಬ್ವೆ ಎಂಬ ಮೂಲ ನಿವಾಸಿಗಳ ನಾಡು ಅದು. ಕೆಂಪು ಮರಳುಗಲ್ಲಿನ ಬಂಡೆಗಳನ್ನು ಅಲೆ ಮತ್ತು ಮಂಜುಗಡ್ಡೆ ಕೊರೆದು ಕೊರೆದು ಗುಹೆಗಳನ್ನೂ ಕಮಾನುಗಳನ್ನೂ ಮಾಡಿವೆ. ಅವುಗಳೊಳಗೆ ಹೋಗಲು ದೊಡ್ಡ ದೋಣಿಗೆ ಜಾಗವಿಲ್ಲ. ಕಯಾಕ್ ಬೇಕು.

ಕಯಾಕ್ ಎಂದರೆ ಉದ್ದನೆಯ, ತೆಳ್ಳಗಿನ ದೋಣಿ. ಕಡಲ ಕಯಾಕ್ ಸುಮಾರು ಐದು ಮೀಟರ್ ಇರುತ್ತದೆ. ಮೇಲ್ಭಾಗ ಮುಚ್ಚಿರುತ್ತದೆ, ಕುಳಿತುಕೊಳ್ಳಲು ಮಾತ್ರ ಒಂದು ಬಾಯಿ. ಕುಳಿತವರ ಸೊಂಟದ ಸುತ್ತ ಲಂಗದಂಥ ಬಟ್ಟೆಯನ್ನು ಕಟ್ಟಿ ಆ ಬಾಯಿಗೆ ಬಿಗಿದರೆ ನೀರು ಒಳಗೆ ಬರುವುದಿಲ್ಲ. ಮುಂದೆ ಹಿಂದೆ ಗೋಡೆ ಕಟ್ಟಿದ ಕೋಣೆಗಳು. ಸಾಮಾನು ತುಂಬುವುದು ಅಲ್ಲೇ, ಮಗುಚಿದಾಗ ದೋಣಿಯನ್ನು ತೇಲಿಸುವುದೂ ಅವೇ. ತೆರೆದ ದೋಣಿಗಳಲ್ಲೂ ಸಣ್ಣ ಆಟದ ಕಯಾಕ್‌ಗಳಲ್ಲೂ ಈ ದ್ವೀಪಗಳಿಗೆ ಹೋಗಬೇಡಿರೆಂದು ಉದ್ಯಾನದ ಅಧಿಕಾರಿಗಳು ಹೇಳುತ್ತಾರೆ.

ಮೊದಲ ದಿನ ಬೆಳಗ್ಗೆ ಮಾರ್ಗದರ್ಶಿ ಮಾಡಿಸಿದ ಕೆಲಸ ಕೇಳಿದರೆ ತಾಯಂದಿರ ಎದೆ ಧಸಕ್ಕೆನ್ನಬಹುದು. ದಡದ ಬಳಿ, ಎದೆಯ ಮಟ್ಟದ ನೀರಿನಲ್ಲಿ, ಪ್ರತಿಯೊಬ್ಬರೂ ತಮ್ಮ ದೋಣಿಯನ್ನು ತಾವೇ ಮಗುಚಬೇಕು! ತಲೆಕೆಳಗಾಗಿ, ಆ ಲಂಗದ ಕುಣಿಕೆಯನ್ನು ಎಳೆದು ಬಿಡಿಸಿಕೊಂಡು ಹೊರಬರಬೇಕು. ಆಮೇಲೆ ಇನ್ನೊಂದು ದೋಣಿಯ ಆಸರೆಯಿಂದ ಮತ್ತೆ ಹತ್ತಬೇಕು. ಇದು ಬಾರದವರನ್ನು ಮುಂದೆ ಕರೆದೊಯ್ಯುವುದಿಲ್ಲ. ನಮ್ಮಲ್ಲಾದರೆ "ಏನೂ ಆಗುವುದಿಲ್ಲ, ಹತ್ತಿ" ಎನ್ನುವುದರಲ್ಲೇ ಪಾಠ ಮುಗಿಯುತ್ತದೆ.

ಅಲ್ಲಿ ಈಜು ಬಂದರಷ್ಟೇ ಸಾಲದು. ನಡುಬೇಸಿಗೆಯಲ್ಲೂ ಸರೋವರದ ನೀರು ತಣ್ಣಗೆ ಕೊರೆಯುತ್ತಿರುತ್ತದೆ. ತಣ್ಣೀರಿನಲ್ಲಿ ಬಿದ್ದವರ ಬಗ್ಗೆ ಅಲ್ಲಿ ಒಂದು ಲೆಕ್ಕ ಕಲಿಸುತ್ತಾರೆ: ಒಂದು, ಹತ್ತು, ಒಂದು. ಏದುಸಿರನ್ನು ಹಿಡಿತಕ್ಕೆ ತರಲು ಒಂದು ನಿಮಿಷ, ಕೈಕಾಲು ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ಉಳಿಯುವುದು ಸುಮಾರು ಒಂದು ಗಂಟೆ. ಆ ಮೊದಲ ನಿಮಿಷದಲ್ಲಿ ಬಾಯಿ ತೆರೆದು ನೀರು ಕುಡಿಯದಂತೆ ಕಾಪಾಡುವುದು ಲೈಫ್ ಜಾಕೆಟ್. ಹಾಗಾಗಿ ಅದನ್ನು ಆಸನದ ಕೆಳಗಿಡುವಂತಿಲ್ಲ, ಮೈಮೇಲೆ ಬಿಗಿದಿರಬೇಕು.

ಇದೇ ಚಳಿಯಿಂದಾಗಿ ಉಡುಪಿನ ಸಮಸ್ಯೆ ಅರ್ಧ ತಾನಾಗಿ ಬಗೆಹರಿಯಿತು. ಗಂಡಸರೂ ಹೆಂಗಸರೂ ಎಲ್ಲರೂ ರಬ್ಬರಿನಂಥ ದಪ್ಪ ಬಟ್ಟೆಯ ವೆಟ್‌ಸೂಟ್ ತೊಡಲೇಬೇಕು. ಸಾಮಾನ್ಯವಾಗಿ ಅದಕ್ಕೆ ತೋಳಿರುವುದಿಲ್ಲ, ಮೇಲೊಂದು ಗಾಳಿ ತಡೆಯುವ ಜಾಕೆಟ್. ವೆಟ್‌ಸೂಟ್ ಮೈಗೆ ಅಂಟಿಕೊಳ್ಳುವುದರಿಂದ ಇವಳು ಅದರ ಮೇಲೆ ಮೊಣಕಾಲು ಮುಟ್ಟುವ ಸಿಂಥೆಟಿಕ್ ಕುರ್ತಾ ಹಾಕಿದಳು. ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ತಲೆಗೆ ತುದಿ ನೇತಾಡದ, ಟೋಪಿಯಂತೆ ತೊಡುವ ಸ್ಕಾರ್ಫ್. ಬುರ್ಖಾ ತೊಟ್ಟು ಕಯಾಕ್‌ನಲ್ಲಿ ಕೂರುವುದು ಅಪಾಯ. ಮಗುಚಿದಾಗ ಕಾಲಿಗೆ ಸುತ್ತಿಕೊಂಡರೆ ಹೊರಬರಲಾಗದು. ಪರ್ದಾ ಎಂಬುದು ಒಂದೇ ಬಟ್ಟೆಯ ಹೆಸರಲ್ಲವೆಂದು ನಮಗೆ ಗೊತ್ತಿದ್ದರೂ ಕೆಲವೊಮ್ಮೆ ಮರೆಯುತ್ತೇವೆ.

ಮದ್ರಸದಲ್ಲಿ ಫಿಕ್‌ಹ್‌ನ ಮೊದಲ ಪಾಠವೇ ನೀರಿನದ್ದು. ಕರಾವಳಿಯ ಶಾಫಿಈ ಮಕ್ಕಳು ಎರಡು ಕುಲ್ಲಃ ನೀರಿನ ಲೆಕ್ಕವನ್ನು ಬಾಯಿಪಾಠ ಮಾಡುತ್ತಾರೆ, ಸುಮಾರು ಇನ್ನೂರು ಲೀಟರ್. ಇಲ್ಲಿ ಎಷ್ಟು ಕುಲ್ಲಃ ಇದೆಯೆಂದು ಎಣಿಸುವ ಗಣಿತ ನನಗೆ ಬಾರದು! ಕಡಲ ನೀರಿನಲ್ಲಿ ವುಝೂ ಮಾಡಬಹುದೇ ಎಂದು ಪ್ರವಾದಿ(ಸ)ರಲ್ಲಿ ಕೇಳಿದವರೂ ಕುಡಿಯುವ ನೀರನ್ನು ಅಳೆದು ಒಯ್ಯುತ್ತಿದ್ದ ದೋಣಿಯ ಪ್ರಯಾಣಿಕರೇ. ಇವಳು ದಡದಲ್ಲಿ ಜಾಕೆಟ್ಟಿನ ತೋಳು ಮೇಲೆತ್ತಿ, ಬೂಟು ಕಳಚಿ ವುಝೂ ಮಾಡಿದಳು. ನಮಾಝ್ ಕಸ್ರ್. ನಮಗೆ ಕಿಬ್ಲಾ ಪಶ್ಚಿಮ, ಅಲ್ಲಿ ಈಶಾನ್ಯ. ಜುಲೈಯಲ್ಲಿ ಸೂರ್ಯ ಮುಳುಗುವುದು ಒಂಬತ್ತರ ಹತ್ತಿರ, ಇಶಾಕ್ಕೆ ಹನ್ನೊಂದರ ಹತ್ತಿರದವರೆಗೆ ಕಾಯಬೇಕು. ದಿನವಿಡೀ ಹುಟ್ಟು ಹಾಕಿದ ಭುಜಗಳಿಗೆ ಅಷ್ಟು ಹೊತ್ತು ಎಚ್ಚರವಿರುವುದೇ ದೊಡ್ಡ ಪರೀಕ್ಷೆಯಾಗಿತ್ತಂತೆ.

ಇಸ್ತಿಂಜಾಕ್ಕೆ ಒಂದು ಮಡಚುವ ಪಾತ್ರೆ ಒಯ್ದಿದ್ದಳು. ಶಿಬಿರದ ಬಳಿ ಗುಂಡಿ ಶೌಚಾಲಯವಿದೆ. ಪಾತ್ರೆ ತೊಳೆದ ನೀರನ್ನೂ ಸಾಬೂನಿನ ನೀರನ್ನೂ ಸರೋವರದಿಂದ ಅರುವತ್ತು ಮೀಟರ್ ದೂರ ಒಯ್ದು ಚೆಲ್ಲಬೇಕು. ಒಯ್ದ ಕಸವನ್ನೆಲ್ಲ ಮರಳಿ ತರಬೇಕು. ನಿಂತ ನೀರಿನಲ್ಲಿ, ಜನರು ನಡೆಯುವ ದಾರಿಯಲ್ಲಿ, ಕೂರುವ ನೆರಳಿನಲ್ಲಿ ಮಲಿನ ಮಾಡಬಾರದೆಂದು ಪ್ರವಾದಿ(ಸ)ರು ತಡೆದಿದ್ದನ್ನು ಓದಿದ ನಾವು ನಮ್ಮ ಪಿಕ್‌ನಿಕ್ ಜಾಗಗಳನ್ನು ಹೇಗೆ ಬಿಟ್ಟು ಬರುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಓದುಗರಿಗೆ ಗೊತ್ತಿದೆ.

ಊಟಕ್ಕೆ ಮಾಂಸ ಬೇಡವೆಂದು ಮೊದಲೇ ತಿಳಿಸಿದ್ದರು. ದಂಪತಿ ಅನ್ನ, ಬೇಳೆ, ಅಮ್ಮ ಕಳಿಸಿದ ಉಪ್ಪಿನಕಾಯಿಯಲ್ಲಿ ಸುಧಾರಿಸಿದರು. ಆದರೆ ಉಪ್ಪಿನಕಾಯಿ ಡೇರೆಯೊಳಗೆ ಇರುವಂತಿಲ್ಲ! ಅಲ್ಲಿನ ಕಪ್ಪು ಕರಡಿಗಳು ದ್ವೀಪದಿಂದ ದ್ವೀಪಕ್ಕೆ ಈಜುತ್ತವೆ. ವಾಸನೆ ಬರುವುದೆಲ್ಲ, ಟೂತ್‌ಪೇಸ್ಟೂ ಸೇರಿ, ಕಬ್ಬಿಣದ ಪೆಟ್ಟಿಗೆಗೆ ಹೋಗಬೇಕು. ಅಳಿಯನ ಅತ್ತರಿನ ಸೀಸೆಯೂ ಹೋಯಿತು.

ಅವರು ತಂಗಿದ್ದು ಸ್ಯಾಂಡ್ ದ್ವೀಪದಲ್ಲಿ. ಅಲ್ಲಿ 1881ರಲ್ಲಿ ಮರಳುಗಲ್ಲಿನಿಂದ ಕಟ್ಟಿದ ದೀಪಸ್ತಂಭವಿದೆ. 1905ರ ಸೆಪ್ಟೆಂಬರ್‌ನಲ್ಲಿ 'ಸೆವೋನಾ' ಎಂಬ ಹಡಗು ಸಮೀಪದ ದಿಬ್ಬಕ್ಕೆ ಬಡಿದು ಒಡೆದಾಗ ದೀಪಪಾಲಕ ಅಲ್ಲಿಂದ ನೋಡುತ್ತಿದ್ದನಂತೆ. ಅಂಥ ಅಲೆಯಲ್ಲಿ ಯಾರಿಗೂ ಏನೂ ಮಾಡಲಾಗಲಿಲ್ಲ, ಏಳು ಮಂದಿ ಸತ್ತರು. ಎರಡನೆಯ ದಿನ ಮಧ್ಯಾಹ್ನ ಮಾರ್ಗದರ್ಶಿ ಈ ಕತೆ ಹೇಳಿದಾಗ ನೀರು ಶಾಂತವಾಗಿತ್ತು, ಗುಹೆಗಳೊಳಗೆ ಹಸಿರು ಬೆಳಕು ಆಡುತ್ತಿತ್ತು.

ಮೂರನೆಯ ದಿನ ಬೆಳಗ್ಗೆ ಅವರು ರೇಡಿಯೋದಲ್ಲಿ ಹವಾಮಾನ ಕೇಳಿ, "ಇಂದು ಹೊರಡುವುದಿಲ್ಲ" ಎಂದರು. ಎದುರಿಗಿನ ದಡ ಕಣ್ಣಿಗೆ ಕಾಣುತ್ತಿತ್ತು, ಮೂರ್ನಾಲ್ಕು ಕಿಲೋಮೀಟರ್, ಒಂದು ಗಂಟೆಯ ದಾರಿ. ಮರುದಿನ ಅಳಿಯ ಕೆಲಸಕ್ಕೆ ಹಾಜರಾಗಬೇಕಿತ್ತು. ಇನ್ನೊಬ್ಬರಿಗೆ ವಿಮಾನವಿತ್ತು. ವಾದ ನಡೆಯಿತು. ದುಡ್ಡು ಕೊಟ್ಟವರು ನಾವಲ್ಲವೇ ಎಂಬ ಮಾತೂ ಬಂತು. ಮಾರ್ಗದರ್ಶಿ ಮತ್ತೊಮ್ಮೆ ಚಹಾಕ್ಕೆ ನೀರಿಟ್ಟರಂತೆ, ಅಷ್ಟೇ. ಆಕೆ ಒಬ್ಬ ಮಹಿಳೆ, ವಯಸ್ಸು ಮೂವತ್ತರ ಒಳಗೆ. ಮಧ್ಯಾಹ್ನದ ಹೊತ್ತಿಗೆ ಅಲೆಗಳು ಬಂಡೆಗೆ ಬಡಿಯುವ ಸದ್ದಿಗೆ ಡೇರೆಯೊಳಗೆ ಮಾತು ಕೇಳಿಸಲಿಲ್ಲ.

ಮೂವರು ಪ್ರಯಾಣ ಹೊರಟರೂ ಒಬ್ಬರನ್ನು ಅಮೀರ್ ಮಾಡಿಕೊಳ್ಳಿರೆಂಬ ಪ್ರವಾದಿ(ಸ)ರ ಸೂಚನೆಯನ್ನು ನಾವು ಶಿಷ್ಟಾಚಾರದ ಮಾತೆಂದು ದಾಟಿ ಹೋಗುತ್ತೇವೆ. ಅದು ಬೇಕಾಗುವುದು ಇಂಥ ಬೆಳಗ್ಗೆಯೇ. ಎಲ್ಲರಿಗೂ ಮನೆ ನೆನಪಾಗಿ, ದಡ ಹತ್ತಿರ ಕಂಡಾಗ, 'ಬೇಡ' ಎನ್ನುವವರು ಒಬ್ಬರಿರಬೇಕು, ಉಳಿದವರು ಕೇಳಬೇಕು. ನಮ್ಮಲ್ಲಿ ಹಾಗೆ ಕಾಯುವವರನ್ನು ತವಕ್ಕುಲ್ ಕಡಿಮೆಯವರೆಂದು ಹಂಗಿಸುವವರಿದ್ದಾರೆ. ಬಿಸ್ಮಿ ಹೇಳಿ ಹೊರಟರೆ ಸಾಕಂತೆ! ಒಂಟೆಯನ್ನು ಮೊದಲು ಕಟ್ಟಲು ಹೇಳಿದ ಗುರುವಿನ ಅನುಯಾಯಿಗಳು ನಾವು. ಬಿಸ್ಮಿ ಹೇಳಿಯೇ ದಡದಲ್ಲಿ ಕೂರಬಹುದು.

2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಮಂದಿ ತೀರಿಹೋದರು. ಪುಟ್ಟ ಮಕ್ಕಳೂ ಇದ್ದರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರೆಂದು ಆಗ ವರದಿಯಾಗಿತ್ತು. ಅದನ್ನೋದಿದಾಗ ನನಗೆ ಮೂಡಿದ್ದ ಪ್ರಶ್ನೆ ಈ ಹುಡುಗಿಯ ಮಾತು ಕೇಳುವಾಗ ಮತ್ತೆ ಬಂತು. ಹತ್ತುವವರಲ್ಲಿ ಒಬ್ಬರನ್ನಾದರೂ "ಇಳಿಯಿರಿ, ಮುಂದಿನ ದೋಣಿಗೆ ಬನ್ನಿ" ಎಂದು ತಡೆಯುವ ಅಧಿಕಾರ ಯಾರಿಗಿತ್ತು?

ನಾಲ್ಕನೆಯ ದಿನ ಫಜ್ರ್ ಮುಗಿಸಿ ಹೊರಟರು. ಒಂದು ಗಂಟೆಯೊಳಗೆ ದಡ ಸೇರಿದರು. ಅಳಿಯನಿಗೆ ಒಂದು ದಿನದ ಸಂಬಳ ಹೋಯಿತು.

ಕಯಾಕ್‌ಗಾಗಿ ಅಮೆರಿಕದವರೆಗೆ ಹೋಗಬೇಕಿಲ್ಲ. ಉಡುಪಿಯ ಸಾಲಿಗ್ರಾಮದ ಹಿನ್ನೀರಿನಲ್ಲೂ ಬಾಡಿಗೆಗೆ ಸಿಗುತ್ತದೆ, ರಜೆಯಲ್ಲಿ ನಮ್ಮ ಕುಟುಂಬಗಳೂ ಹೋಗುತ್ತವೆ. ಅನುಮತಿ ಕೇಳುವ ಮಕ್ಕಳಿಗೆ ಬೇಡವೆನ್ನುವ ಮೊದಲು ಮೂರು ವಿಷಯ ವಿಚಾರಿಸಿ: ಲೈಫ್ ಜಾಕೆಟ್ ಅವರವರ ಅಳತೆಯದೇ, ಮಗುಚಿದರೆ ಏನು ಮಾಡಬೇಕೆಂದು ನೀರಿಗಿಳಿಸಿ ಕಲಿಸುತ್ತಾರೆಯೇ, ಗಾಳಿ ಎದ್ದರೆ ಹಣ ವಾಪಸು ಕೊಟ್ಟು ಮನೆಗೆ ಕಳಿಸುತ್ತಾರೆಯೇ? ಮೂರನೆಯ ಪ್ರಶ್ನೆಗೆ ನಕ್ಕವರ ದೋಣಿಗೆ ಮಗುವನ್ನು ಹತ್ತಿಸಬೇಡಿ.