ಮುಷ್ಕರಕ್ಕೆ ತಡೆ ಬಂತು, ಬಾಕಿಗೆ ತಾರೀಖು ಯಾಕೆ ಬರಲಿಲ್ಲ?



ನಮ್ಮ ಬೈಲಹೊಂಗಲಕ್ಕೆ ರೈಲಿಲ್ಲ. ಸವದತ್ತಿಗೆ ಇಲ್ಲ, ರಾಮದುರ್ಗಕ್ಕೆ ಇಲ್ಲ. ಕಿತ್ತೂರಿನ ಮೇಲೆ ಹಾಯ್ದು ಹೋಗಬೇಕಾದ ಧಾರವಾಡ-ಬೆಳಗಾವಿ ಹೊಸ ಮಾರ್ಗ ಸುಮಾರು 73 ಕಿಲೋಮೀಟರಿನದು. ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ ಹುಟ್ಟಿದ ಕೂಸು ಅದು. ಅವರು 2020ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು, ಕೂಸು ವರ್ಷಗಟ್ಟಲೆ ಭೂಸ್ವಾಧೀನದ ತೊಟ್ಟಿಲಲ್ಲೇ ಮಲಗಿತು. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮೇಲೆ ಧಾರವಾಡಕ್ಕೆ ರೈಲು ಬೇಕೆಂದು ಈ ಭಾಗದ ಜನ ಕೊಟ್ಟ ಮನವಿಪತ್ರಗಳನ್ನು ನೆಲಕ್ಕೆ ಹಾಸಿದರೆ ಅದೇ ಒಂದು ಹಳಿಯಾದೀತು. ಅವುಗಳಲ್ಲಿ ಕೆಲವು ನನ್ನ ಪ್ರೆಸ್ಸಿನಲ್ಲೇ ಅಚ್ಚಾಗಿವೆ, ಅದಕ್ಕೇ ಹೇಳಿದೆ.

ಹೀಗಾಗಿ ನಮ್ಮ ನಾಲ್ಕು ತಾಲೂಕಿನ ಪಾಲಿಗೆ ಸರ್ಕಾರಿ ಬಸ್ಸೇ ರೈಲು. ಬಸ್ಸು ನಿಂತರೆ ಮಕ್ಕಳ ಕಾಲೇಜು ನಿಂತಿತು, ಧಾರವಾಡದ ಆಸ್ಪತ್ರೆಗೆ ಹೋಗುವ ಮುದುಕಿಯ ಪಯಣ ನಿಂತಿತು, ಹುಬ್ಬಳ್ಳಿಯಿಂದ ಬರುವ ನನ್ನ ಕಾಗದದ ಬಂಡಲೂ ನಿಂತಿತು. 2025ರ ಆಗಸ್ಟ್ 5ರಂದು ನಿಂತದ್ದು ಹೀಗೆಯೇ. ಶ್ರಾವಣದ ಪುರಾಣ ಪ್ರವಚನದ ಹ್ಯಾಂಡ್‌ಬಿಲ್ ಅರ್ಧ ಹೊಡೆದು ಅರ್ಧ ಬಿಟ್ಟು ಕುಳಿತಿದ್ದೆ. ಬೈದಿದ್ದೇನೆ, ಸುಳ್ಳು ಹೇಳುವುದಿಲ್ಲ. ಡ್ರೈವರ್ ಕಂಡಕ್ಟರುಗಳನ್ನೇ ಬೈದಿದ್ದೇನೆ.

ಆದರೆ ಅದರ ಹಿಂದಿನ ದಿನ ನಡೆದದ್ದನ್ನು ಕೇಳಿ. ಡಿಪೋದ ಒಬ್ಬ ಕಂಡಕ್ಟರು ಪ್ರೆಸ್ಸಿಗೆ ಬಂದಿದ್ದ. ಕೈಯಲ್ಲಿ ಪೆನ್ಸಿಲಿನಿಂದ ಬರೆದ ಹಾಳೆ. “ಪ್ರಯಾಣಿಕರೇ, ತೊಂದರೆಗೆ ಕ್ಷಮಿಸಿ” ಎಂದು ತಲೆಬರಹ. “ಅಣ್ಣಾರ, ಒಂದ ಸಾವಿರ ಹೊಡದ ಕೊಡ್ರಿ” ಅಂದ. ಮರುದಿನ ಸಂಜೆ ಫೋನು ಬಂತು. “ಬ್ಯಾಡ್ರಿ, ನಿಂತೈತಿ.” ಮುಗೀತೇನು ಎಂದೆ. “ಮುಗದಿಲ್ರಿ, ನಿಂತೈತಿ.” ಮತ್ತೆ ಯಾವಾಗ ಎಂದೆ. “ಅದು ಗೊತ್ತಿಲ್ರಿ.”

ಓದುಗರೇ, ಆ “ಗೊತ್ತಿಲ್ರಿ” ಎಂಬ ಮಾತಿನಲ್ಲೇ ಇಡೀ ಕಥೆ ಅಡಗಿದೆ.

ಸಾರಿಗೆ ನೌಕರರ ವೇತನ 4 ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುವುದು ನಡೆದು ಬಂದ ಪದ್ಧತಿ. 2016ರ ನಂತರ 2020ರ ಜನವರಿ 1ಕ್ಕೆ ಆಗಬೇಕಿತ್ತು. ಆಗಲಿಲ್ಲ. ಕೊರೋನಾ ಎಂದರು, ನಷ್ಟ ಎಂದರು. 2020ರ ಡಿಸೆಂಬರಿನಲ್ಲಿ ಮುಷ್ಕರವಾಯಿತು, ಭರವಸೆ ಕೊಟ್ಟು ನಿಲ್ಲಿಸಿದರು. ಭರವಸೆ ಭರವಸೆಯಾಗಿಯೇ ಉಳಿದಾಗ 2021ರ ಏಪ್ರಿಲ್ 7ರಿಂದ ಆರನೇ ವೇತನ ಆಯೋಗದ ಸಂಬಳ ಕೇಳಿ ಎರಡು ವಾರ ಬಸ್ಸು ನಿಲ್ಲಿಸಿದರು. ಹೈಕೋರ್ಟು ಸಾಂಕ್ರಾಮಿಕದ ಹೊತ್ತಿನಲ್ಲಿ ಇದು ಸಲ್ಲದೆಂದ ಮೇಲೆ ಕೆಲಸಕ್ಕೆ ಮರಳಿದರು. ಮರಳಿದವರಿಗೆ ಸಿಕ್ಕಿದ್ದೇನು? ಸಾವಿರಾರು ಜನರ ಮೇಲೆ ವಜಾ, ಅಮಾನತು, ವರ್ಗಾವಣೆ. ಸಂಬಳ ಕೇಳಿದವರಿಗೆ ಊರು ಬಿಡಿಸುವ ಶಿಕ್ಷೆ!

ಕೊನೆಗೆ 2023ರ ಮಾರ್ಚಿನಲ್ಲಿ, ವಿಧಾನಸಭೆ ಚುನಾವಣೆ ಹೊಸ್ತಿಲಿಗೆ ಬಂದಾಗ, ಶೇಕಡಾ 15ರ ಹೆಚ್ಚಳದ ಆದೇಶ ಹೊರಬಿತ್ತು. ಮಾರ್ಚ್ 21ಕ್ಕೆ ಸಾರಿದ್ದ ಮುಷ್ಕರ ನಡೆಯಲಿಲ್ಲ. ಆದರೆ ಆದೇಶದ ಜಾರಿ 2023ರ ಮಾರ್ಚ್ 1ರಿಂದ. 2020ರ ಜನವರಿಯಿಂದ 2023ರ ಫೆಬ್ರವರಿವರೆಗೆ ಬೆರಳು ಮಡಚಿ ಎಣಿಸಿ: 38 ತಿಂಗಳು. ಆ 38 ತಿಂಗಳ ಬಾಕಿ ಎಲ್ಲಿ ಎಂದು ಕೇಳಿದ್ದೇ ಮುಂದಿನ ಎಲ್ಲ ಜಗಳದ ಬೇರು. ಕಮಲದವರು ಬಾಕಿ ಇಟ್ಟು ಹೋದರು, ಕೈಯವರು ಬಂದು ಬಾಕಿ ಎಣಿಸುತ್ತ ಕುಳಿತರು. ಈ ನಡುವೆ 2024ರ ಜನವರಿ 1ರ ಪರಿಷ್ಕರಣೆಯೂ ಬಂದು ಬಾಗಿಲಲ್ಲಿ ನಿಂತಿತು. 2024ರ ಡಿಸೆಂಬರ್ 31ಕ್ಕೆ ಮತ್ತೆ ಮುಷ್ಕರ ಎಂದರು. ಸಂಕ್ರಾಂತಿ ಕಳೆಯಲಿ, ಕೂತು ಮಾತಾಡೋಣ ಎಂದು ಮುಂದೂಡಿಸಿದರು. ಯಾವ ಸಂಕ್ರಾಂತಿ ಎಂದು ಯಾರೂ ಕೇಳಲಿಲ್ಲ ಎಂದು ಕಾಣುತ್ತದೆ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿ. 2025ರ ಜನವರಿ 2ರಂದು ಸಂಪುಟ ಸಭೆ ಬಸ್ ದರ ಏರಿಸಲು ತೀರ್ಮಾನಿಸಿತು. ಎಷ್ಟು? ಅದೂ ಶೇಕಡಾ 15! ಜನವರಿ 5ರಿಂದ ನಮ್ಮ ನಿಮ್ಮ ಜೇಬಿನಿಂದ ವಸೂಲಿ ಶುರು. ನಮ್ಮಿಂದ ಕಿತ್ತುಕೊಳ್ಳುವ ಶೇಕಡಾ 15ಕ್ಕೆ 3 ದಿನ. ಅವರಿಗೆ ಕೊಡುವ ಶೇಕಡಾ 15ಕ್ಕೆ 38 ತಿಂಗಳು. ಇದೇನು ಸ್ವಾಮಿ, ಕೊಡುವ ಕೈಗೆ ಮಾತ್ರ ಪಾರ್ಶ್ವವಾಯುವೇ?

2025ರ ಆಗಸ್ಟ್ 4ರಂದು ಮುಖ್ಯಮಂತ್ರಿಗಳು ಸಭೆ ಕರೆದರು. ಏಕಸದಸ್ಯ ಸಮಿತಿ ಹೇಳಿದಂತೆ 14 ತಿಂಗಳ ಬಾಕಿ ಕೊಡಲು ಸಿದ್ಧ ಎಂದರು. ಅಂದರೆ 24 ತಿಂಗಳ ದುಡಿಮೆಗೆ ನಾಮ. ಎಚ್.ವಿ. ಅನಂತಸುಬ್ಬರಾವ್ ಮುಂದಾಳತ್ವದ ಜಂಟಿ ಕ್ರಿಯಾ ಸಮಿತಿ ಒಪ್ಪಲಿಲ್ಲ. ಅದೇ ದಿನ ಹೈಕೋರ್ಟು ಒಂದು ದಿನದ ಮಟ್ಟಿಗೆ ಮುಷ್ಕರ ಬೇಡವೆಂದಿತು. ಆದರೂ 5ರ ಬೆಳಿಗ್ಗೆ 6ಕ್ಕೆ ಬಸ್ಸು ನಿಂತವು. ಕೋರ್ಟು ಗದರಿಸಿತು, ಎಸ್ಮಾ ಎಂಬ ಬೆತ್ತವಂತೂ ಸರ್ಕಾರದ ಕೈಯಲ್ಲಿತ್ತು, ಸಂಜೆಯೊಳಗೆ ಸ್ಥಗಿತ.

ನ್ಯಾಯಾಲಯದ ಮಾತಿಗೆ ನಾನು ಎದುರು ಹೇಳುವವನಲ್ಲ. ಜನ ದಾರಿಯಲ್ಲಿ ಒಣಗಬಾರದು ಎಂದರೆ ನಾನೂ ಆ ಜನರಲ್ಲೊಬ್ಬ. ನನ್ನ ಸಿಟ್ಟು ಸರ್ಕಾರದ ಮೇಲೆ. ಮುಷ್ಕರ ನಿಲ್ಲಿಸಲು ದಿನ, ಗಂಟೆ, ಎಲ್ಲ ಗೊತ್ತಾಗುತ್ತದೆ. ಬಾಕಿ ಕೊಡಲು ಮಾತ್ರ ಪಂಚಾಂಗವೇ ಸಿಗುವುದಿಲ್ಲ. ನಾನು ಲಗ್ನಪತ್ರಿಕೆ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು. ಮುಹೂರ್ತ ಇಲ್ಲದ ಲಗ್ನಪತ್ರಿಕೆ ತಂದರೆ ಮೊದಲು ದಿನ ಗೊತ್ತು ಮಾಡಿಕೊಂಡು ಬನ್ನಿ ಎಂದು ವಾಪಸು ಕಳಿಸುತ್ತೇನೆ. ಪಿಯುಸಿ ಕಲಿತ ಅಚ್ಚುಗಾರನಿಗೆ ತಿಳಿಯುವ ಈ ಮಾತು ವಿಧಾನಸೌಧದ ಐಎಎಸ್ ದೊರೆಗಳಿಗೆ ತಿಳಿಯದೇ?

ತಾರೀಖಿಲ್ಲದೆ ಮುಷ್ಕರ ನಿಂತರೆ ಏನಾಗುತ್ತದೆ ಎಂಬುದಕ್ಕೆ ರೈಲಿನವರ ಕಥೆಯೇ ಇದೆ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್ನಿನ ಅಧ್ಯಕ್ಷರಾಗಿದ್ದಾಗ, 1974ರ ಮೇ 8ರಿಂದ ಸುಮಾರು 17 ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಕೇಳಿದ್ದು ಎಂಟು ಗಂಟೆಯ ದುಡಿಮೆ, ಬೋನಸ್, ಬೇರೆ ಸಾರ್ವಜನಿಕ ಉದ್ಯಮಗಳ ಸರಿಸಮ ಸಂಬಳ. ಮಾತುಕತೆ ಮುರಿಯುವ ಮೊದಲೇ, ಮೇ 2ರಂದೇ ಫರ್ನಾಂಡಿಸರನ್ನು ಹಿಡಿದು ಒಳಗೆ ಹಾಕಿದರು. ಸಾವಿರಾರು ಕಾರ್ಮಿಕರು ಜೈಲು ಕಂಡರು. ರೈಲ್ವೆ ಕಾಲೋನಿಗಳಲ್ಲಿ ಹೆಂಡಿರು ಮಕ್ಕಳನ್ನು ಪಾತ್ರೆ ಪಡಗದ ಸಮೇತ ಬೀದಿಗೆ ಹಾಕಿದರು. ಇಪ್ಪತ್ತು ದಿನಕ್ಕೆ, ಯಾವ ಒಪ್ಪಂದವೂ ಇಲ್ಲದೆ, ಮುಷ್ಕರ ಹಿಂತೆಗೆದುಕೊಳ್ಳಬೇಕಾಯಿತು. ಕೇಳಿದ ಬೋನಸ್ಸು ಬಂದದ್ದು ಯಾವಾಗ? 1979ರಲ್ಲಿ, ಸರ್ಕಾರವೇ ಬದಲಾದ ಮೇಲೆ. ಐದು ವರ್ಷ! ಆ ಐದು ವರ್ಷದಲ್ಲಿ ಎಷ್ಟು ಜನ ನಿವೃತ್ತರಾದರು, ಎಷ್ಟು ಜನ ಸತ್ತರು, ಯಾರು ಬರೆದಿಟ್ಟಿದ್ದಾರೆ? ಅಷ್ಟು ದೊಡ್ಡ ಪಡೆಗೇ ಆ ಗತಿಯಾದರೆ, ಎರಡು ಮೂರು ಬಣವಾಗಿ ಒಬ್ಬರು ಕರೆದ ಮುಷ್ಕರಕ್ಕೆ ಇನ್ನೊಬ್ಬರು ಬರದ ನಮ್ಮ ಬಸ್ಸಿನವರ ಗತಿ ಏನು? ಇದನ್ನು ಆ ಸಂಘಟನೆಗಳ ಮುಖಂಡರಿಗೂ ಕೇಳುತ್ತಿದ್ದೇನೆ. ಕೋಪ ಬಂದರೆ ಬರಲಿ.

ಇನ್ನೊಂದು ಮಾತು, ಇದು ನಮ್ಮ ಪತ್ರಿಕೆ ಆಡಲೇಬೇಕಾದ್ದು. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿದ್ದು 1997ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನ. ಬಸ್ಸಿನ ಬೋರ್ಡು ಕನ್ನಡ, ಟಿಕೆಟ್ಟು ಕನ್ನಡ, ದುಡಿಯುವವನು ಕನ್ನಡಿಗ. ಆದರೆ ಅವನ ಮುಷ್ಕರ ನಿಲ್ಲಿಸುವ ಆದೇಶ ಇಂಗ್ಲಿಷಿನಲ್ಲಿ! ತನ್ನ ಹೋರಾಟ ಮುಗಿಯಿತೋ, ನಿಂತಿತೋ, ಮುಂದೆ ಹೋಯಿತೋ ಎಂಬುದನ್ನು ಅವನು ಟಿವಿಯಲ್ಲಿ ಓಡುವ ಅಕ್ಷರ ನೋಡಿ ತಿಳಿಯಬೇಕು. ಸ್ಥಗಿತ ಬೇರೆ, ಹಿಂತೆಗೆತ ಬೇರೆ, ಮುಂದೂಡಿಕೆ ಬೇರೆ. ಅಚ್ಚಿನ ಮನೆಯಲ್ಲಿ ಒಂದು ಕೊಂಬು ತಪ್ಪಿದರೆ ಅರ್ಥ ಕೆಡುತ್ತದೆಂದು ಗಿರಾಕಿ ದುಡ್ಡು ಕೊಡುವುದಿಲ್ಲ. ಲಕ್ಷಕ್ಕೂ ಮಿಕ್ಕ ನೌಕರರ ಅನ್ನದ ಪ್ರಶ್ನೆಯಲ್ಲಿ ಈ ಮೂರೂ ಪದಗಳನ್ನು ಒಂದೇ ಗೋಣಿಗೆ ತುಂಬುತ್ತಾರೆ.

ಈಗ ನಮ್ಮ ಕಡೆ ತಿರುಗೋಣ. ನಮಗೆ ವಸ್ತಿ ಬಸ್ಸು ಬೇಕು. ಆದರೆ ಆ ವಸ್ತಿ ಬಸ್ಸಿನ ಡ್ರೈವರು ರಾತ್ರಿ ಎಲ್ಲಿ ಮಲಗಿದ, ಏನು ಉಂಡ ಎಂದು ನಮ್ಮಲ್ಲಿ ಎಷ್ಟು ಊರು ಕೇಳಿದ್ದೇವೆ? ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಬಾಗಿಲಿಗೆ ಜೋತುಬೀಳುವ ಜನರ ನಡುವೆ ಕಂಡಕ್ಟರು ಹೇಗೆ ನುಸುಳಿ ಟಿಕೆಟ್ಟು ಹರಿಯುತ್ತಾನೆ ನೋಡಿದ್ದೀರಾ? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ನಮ್ಮ ಅಕ್ಕ ತಂಗಿಯರು ಪುಕ್ಕಟೆ ಓಡಾಡಿದರು, ಒಳ್ಳೆಯದೇ ಆಯಿತು, ನನ್ನ ಮನೆಯವರೂ ಗುಡ್ಡಕ್ಕೆ ಹೋಗಿ ಬಂದರು. ಶಕ್ತಿ ಯೋಜನೆಯ ಜಾಹೀರಾತಿನಲ್ಲಿ ಮಂತ್ರಿಗಳ ಮುಖ ಇತ್ತು, ಬಸ್ಸಿನಲ್ಲಿ ಬೆವರು ಮಾತ್ರ ಕಂಡಕ್ಟರನದು.

ನಮ್ಮ ಶಾಸಕರು ಅಕ್ಟೋಬರ್ 23ರಂದು ಕಿತ್ತೂರು ಉತ್ಸವದ ವೇದಿಕೆ ಏರಿ ಚೆನ್ನಮ್ಮನ ಹೆಸರು ಹೇಳಿ ಗಂಟಲು ಹರಿದುಕೊಳ್ಳುತ್ತಾರೆ. ಉತ್ಸವಕ್ಕೆ ಜನರನ್ನು ತಂದು ಇಳಿಸುವ ಬಸ್ಸಿನವನ 38 ತಿಂಗಳ ಬಗ್ಗೆ ಆ ವೇದಿಕೆಯಲ್ಲಿ ಒಂದು ಮಾತಾದರೂ ಬರಲಿ.

ನಾವು ಕೇಳಬೇಕಾದ್ದು ಬಹಳ ಇಲ್ಲ. ಎಷ್ಟು ಬಾಕಿ, ಎಷ್ಟು ಕಂತು, ಯಾವ ತಾರೀಖು. ಇದನ್ನು ಕನ್ನಡದಲ್ಲಿ ಬರೆದು, ಸಹಿ ಮಾಡಿ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಿಲ್ದಾಣಗಳಲ್ಲಿ ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಲಿ. ನೌಕರನೂ ಓದಲಿ, ನಾವೂ ಓದೋಣ. ಆ ತಾರೀಖು ತಪ್ಪಿದ ದಿನ ಬಸ್ಸು ನಿಂತರೆ ಯಾರನ್ನು ಬೈಯಬೇಕೆಂದು ನಮಗೆ ತಿಳಿದಿರುತ್ತದೆ.

ಆ ಕಂಡಕ್ಟರು ಬಿಟ್ಟುಹೋದ ಪೆನ್ಸಿಲಿನ ಹಾಳೆ ಇನ್ನೂ ನನ್ನ ಟೇಬಲ್ಲಿನ ಗಾಜಿನ ಕೆಳಗಿದೆ. ನಿಮ್ಮೂರಿನ ಹತ್ತು ಜನ ಸೇರಿ ಈ ಮೂರು ಪ್ರಶ್ನೆಗಳಿಗೆ ಸಹಿ ಹಾಕಿ ಶಾಸಕರಿಗೆ ಕೊಡುವುದಾದರೆ ಚೀಟಿ ನಾನು ಅಚ್ಚು ಹಾಕಿ ಕೊಡುತ್ತೇನೆ. ಕಾಗದದ ಖರ್ಚು ನನ್ನದು. ತಾರೀಖಿನ ಜಾಗ ಖಾಲಿ ಬಿಟ್ಟಿರುತ್ತೇನೆ, ಶಾಸಕರ ಕೈಯಿಂದಲೇ ತುಂಬಿಸಿಕೊಂಡು ಬನ್ನಿ.