ಬೈದಾಕಿ ಉಳೀತಾಳ, ಸುಮ್ನಿದ್ದಾಕಿ ಹೋಗ್ತಾಳ

ಹ್ವಾದ ವಾರ ನಮ್ಮ ತಂಗಿ ಮಗಳು ಫೋನ್ ಮಾಡಿದ್ಲು. ಬೆಂಗಳೂರಾಗ ಇರ್ತಾಳ. ಇಳಕಲ್ ಸೀರಿ, ಗುಳೇದಗುಡ್ಡ ಖಣ ತರಿಸಿ ಮೊಬೈಲ್‌ನ್ಯಾಗ ಫೋಟೋ ಹಾಕಿ ಮಾರಾಕ ಶುರು ಮಾಡಿ ನಾಕು ತಿಂಗಳಾತು. "ದೊಡ್ಡವ್ವ, ಫೋಟೋ ನೋಡಿ ಎಲ್ಲಾರೂ ಛಲೋ ಐತಿ ಅಂತಾರ. ಆದ್ರ ಒಮ್ಮೆ ತೊಗೊಂಡಾಕಿ ಮತ್ತ ತಿರುಗಿ ನೋಡವಲ್ಲಳು. ಜಾಹೀರಾತಿಗೆ ಇನ್ನ ಐದು ಸಾವಿರ ಹಾಕ್ಲೇನ?" ಅಂತ ಕೇಳಿದ್ಲು.

"ರೊಕ್ಕ ಹಾಕಬ್ಯಾಡವ್ವ. ಮದ್ಲ ತೊಗೊಂಡ ಹೋದವ್ರೊಳಗ ಐದು ಮಂದಿಗೆ ಫೋನ್ ಮಾಡು" ಅಂದೆ. ಅಕಿಗೆ ಅದು ಪಟಾಯಿಸ್ಲಿಲ್ಲ. ಅವರ ಮೈಮ್ಯಾಲ ಬಿದ್ದಂಗ ಆಗ್ತೈತಿ ಅಂದ್ಲು. ಅದಕ್ಕ ಈ ಮಾತು ಇಲ್ಲಿ ಬರಿಯಾಕತ್ತೀನಿ. ಅಕಿ ಒಬ್ಬಾಕಿಗೇ ಅಲ್ಲ, ನಮ್ಮ ಓಣಿಯೊಳಗ ಇವತ್ತು ಮನಿಗೊಬ್ಬಾಕಿ ಏನರ ಮಾರಾಕತ್ತಾಳ. ಒಬ್ಬಾಕಿ ಹಪ್ಪಳ-ಸಂಡಿಗಿ, ಒಬ್ಬಾಕಿ ಕೌದಿ, ಇನ್ನೊಬ್ಬಾಕಿ ಕುಚ್ಚು ಕಟ್ಟಿಕೊಡೂದು. ಎಲ್ಲಾರದೂ ಒಂದ ಚಿಂತಿ: ಹೊಸಾ ಗಿರಾಕಿ ಹೆಂಗ ಬರಬೇಕು? ನಾ ಅಂತೀನಿ, ಮದ್ಲ ಬಂದಾಕಿ ಯಾಕ ಹ್ವಾದ್ಲು ಅಂತ ನೋಡ್ರಿ.

ನಂದು ಏನ್ ದೊಡ್ಡ ಅಂಗಡಿ ಅಲ್ಲ, ನಿಮಗ ಗೊತ್ತ ಐತಿ. 2020ರಾಗ ಎಲ್ಲಾ ಬಂದ್ ಇದ್ದಾಗ, ಪುಣೆದಾಗ ಇದ್ದ ಮಗನ ಗೆಳೆಯಾರಿಗೆ ಚಟ್ನಿಪುಡಿ ಕಳಿಸಿದ್ದು ಹಂಗ ಬೆಳೀತು. ಶೇಂಗಾ, ಅಗಸಿ, ಗುರೆಳ್ಳು, ಪುಟಾಣಿ ಹಿಂಗ ನಾಕು ಥರ ಚಟ್ನಿ, ಜೋಳದ್ದು ಸಜ್ಜಿದು ಖಡಕ್ ರೊಟ್ಟಿ. ವಾಟ್ಸಾಪ್‌ನ್ಯಾಗ ಆರ್ಡರ್, ಫೋನ್‌ಪೇದಾಗ ರೊಕ್ಕ, ಕೊರಿಯರ್‌ದಾಗ ಡಬ್ಬಿ. ಕಾಯಂ ಗಿರಾಕಿ 60 ಮಂದಿ ಅದಾರ.

ಎರಡು ವರ್ಷದ ಹಿಂದ ಬ್ಯಾಸಗಿಯೊಳಗ ನಮ್ಮ ಮನ್ಯಾಗ ಮದವಿ ಇತ್ತು. ನಾ ಯಾವಾಗ್ಲೂ ಅಗಸಿ ಎರಡು ಕಿಲೋಕ್ಕಿಂತ ಹೆಚ್ಚ ಹುರಿಯಂಗಿಲ್ಲ. ಆ ಸಲ ಕೆಲಸ ಭಾಳ ಅಂತ ಒಮ್ಮೆಲೇ ಆರು ಕಿಲೋ ಹುರಿದೆ. ಪೂರ್ತಿ ಆರಲಾರದನ ಮಿಕ್ಸರ್‌ಗೆ ಹಾಕಿ, ಬಿಸಿ ಇದ್ದಾಗನ ಪಾಕೀಟ್ ಕಟ್ಟಿ, ಇಪ್ಪತ್ತು ದಿನ ಬಿಟ್ಟು ಕಳಿಸಿದೆ. ಅಗಸಿಯೊಳಗ ನೂರಕ್ಕ 40 ಪಾಲು ಹತ್ತ್ಯಾಗ ಎಣ್ಣಿ ಇರ್ತೈತಿ. ಕಾಳು ಇದ್ದಾಗ ಅದಕ್ಕ ಸಿಪ್ಪಿ ಕಾವಲು. ಪುಡಿ ಮಾಡಿದ ಕೂಡ್ಲೆ ಗಾಳಿ ಹತ್ತಿ ಕಮಟಾಗಾಕ ಶುರುವಾಗ್ತೈತಿ, ಶಕಿ ಇದ್ರಂತೂ ಕೇಳೂದ ಬ್ಯಾಡ. ಇದೆಲ್ಲಾ ನನಗ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಕಾಲ್ ಕಿಲೋದ ಪಾಕೀಟು 22 ಮಂದಿಗೆ ಹ್ವಾದವು. ಒಂಬತ್ತು ಮಂದಿ "ಮುಟ್ಟೈತ್ರಿ, ಛಲೋ ಐತಿ" ಅಂತ ಕೈ ಮುಗಿಯೂ ಚಿತ್ರ ಹಾಕಿ ಕಳಿಸಿದ್ರು. ನಾನೂ ಖುಷ್. ನಾಕನೇ ದಿನಕ್ಕ ಸೊಲ್ಲಾಪುರದ ಒಬ್ಬಾಕಿ ಫೋನ್ ಮಾಡಿ, "ಅಕ್ಕಾರ, ಏನ್ ಕಳಿಸೀರಿ ಇದು? ಹಳೇ ಎಣ್ಣಿ ವಾಸನಿ ಹೊಡಿಯಾಕತ್ತೈತಿ. ರೊಕ್ಕ ಏನು ಗಿಡದಾಗ ಹುಟ್ಟತಾವ ನಮಗ?" ಅಂತ ಝಾಡಿಸಿದ್ಲು. ನನಗ ಸಿಟ್ಟು ಬಂತು. "ನೀವ ಪಾಕೀಟಿನ ಬಾಯಿ ತೆರೆದಿಟ್ಟಿರಬೇಕ್ರಿ. ಉಳಿದವ್ರು ಎಲ್ಲಾರೂ ಛಲೋ ಐತಿ ಅಂದಾರ" ಅಂದು ಇಟ್ಟುಬಿಟ್ಟೆ.

ರಾತ್ರಿ ರೊಟ್ಟಿ ಜೋಡಿ ನಮ್ಮ ಮನ್ಯಾಗ ಉಳಿದಿದ್ದ ಅದ ಚಟ್ನಿ ಹಾಕ್ಕೊಂಡೆ. ಒಂದು ತುತ್ತು ಬಾಯಾಗ ಇಟ್ಟೆ, ಗಂಟಲಾಗ ಇಳೀಲಿಲ್ಲ. ಅಕಿ ಅಂದದ್ದು ಖರೇ ಇತ್ತು.

ಮರುದಿನ ಉಳಿದ 21 ಮಂದಿಗೂ ಫೋನ್ ಮಾಡ್ತೀನಿ, ರೊಕ್ಕ ತಿರುಗಿ ಹಾಕ್ತೀನಿ ಅಂದೆ. ಪಾಕೀಟಿಗೆ 120ರಂಗ ಎಲ್ಲಾ ಕೂಡಿ 2,640 ರೂಪಾಯಿ. ನಮ್ಮ ಯಜಮಾನ್ರು, "ಯಾರೂ ಕೇಳಿಲ್ಲ, ನೀ ಯಾಕ ಹೋಗಿ ಮೈಮ್ಯಾಲ ಹಾಕ್ಕೊಂತಿ? ಒಬ್ಬರಿಗೆ ಗೊತ್ತಿದ್ದದ್ದು ಇಪ್ಪತ್ತು ಮಂದಿಗೆ ಸಾರಿದಂಗ ಆಗ್ತೈತಿ" ಅಂದ್ರು. ಅವರ ಮಾತೂ ತಪ್ಪಲ್ಲ. ಅಡಗಿ ವ್ಯಾಪಾರದಾಗ ಹೆಸರು ಕೆಟ್ರ ಮುಗೀತು. ಫೋನ್ ಹಿಡ್ಕೊಂಡು ಅರ್ಧಾ ತಾಸು ಹಂಗ ಕುಂತಿದ್ದೆ.

ಕಡೀಕ ಮಾಡಿದೆ. ಐದು ಮಂದಿ ಇನ್ನೂ ಪಾಕೀಟ್ ಒಡದಿರಲಿಲ್ಲ. ಮೂರು ಮಂದಿಗೆ ಏನೂ ಅನಿಸಿರಲಿಲ್ಲ. ಉಳಿದ 13 ಮಂದಿ ಅಂದದ್ದು ಒಂದ ಮಾತು: "ಹೌದ್ರಿ, ಸ್ವಲ್ಪ ವಾಸನಿ ಇತ್ತು. ನಿಮಗ ಹೆಂಗ ಹೇಳೂದಂತ ಸುಮ್ನಿದ್ವಿ." ಅವರೊಳಗ ನಾಕು ಮಂದಿ, ಕೈ ಮುಗಿಯೂ ಚಿತ್ರ ಕಳಿಸಿದವ್ರ. ಅವರೊಳಗ ಒಬ್ಬಾಕಿ ನನ್ನ ಸ್ವಂತ ನೆಗೆಣ್ಣಿ! ಚಟ್ನಿ ತಿಪ್ಪಿಗೆ ಚೆಲ್ಲಿ, ನನಗ "ಛಲೋ ಐತಿ" ಅಂದಿದ್ಲು.

ಅವತ್ತ ನನಗ ತಿಳೀತು, ಆ ಬೈದಾಕಿ ಒಬ್ಬಾಕಿನ ನನ್ನ ಮ್ಯಾಲ ಇನ್ನೂ ಆಶಾ ಇಟ್ಟಿದ್ಲು ಅಂತ. ಮತ್ತ ತರಿಸೂದು ಇದ್ದಾಕಿ ಬೈತಾಳ. ಮತ್ತ ತರಿಸೂದು ಬ್ಯಾಡ ಅಂದಾಕಿ ಯಾಕ ಬಾಯಿ ಸವಸ್ತಾಳ? ಸಂತಿಯೊಳಗಾದ್ರ ಗಿರಾಕಿ ಮಾರಿ ನೋಡಿ ತಿಳಕೋಬಹುದು. ಕಾಯಿ ಎತ್ತಿ ನೋಡಿ ಕೆಳಗಿಟ್ರ, ದರ ಹೆಚ್ಚಾತೋ ಕಾಯಿ ಬಾಡೇತೋ ಅಂತ ಗೊತ್ತಾಗ್ತೈತಿ. ಮೊಬೈಲ್‌ನ್ಯಾಗ ಮಾರಿ ಎಲ್ಲಿ ಕಾಣಬೇಕು? ಅದಕ್ಕ ನಾವ ಕೇಳಬೇಕು.

ಆ 22 ಮಂದಿಯೊಳಗ ಇವತ್ತಿಗೂ 17 ಮಂದಿ ತರಿಸ್ತಾರ, ಐದು ಮಂದಿ ಹ್ವಾದ್ರು. ಎಲ್ಲಾರೂ ಉಳಿದ್ರು ಅಂತ ಸುಳ್ಳು ಹೇಳಂಗಿಲ್ಲ. ಆದ್ರ ಸುಮ್ನ ಕುಂತಿದ್ರ ಆ 13 ಮಂದಿ ಒಬ್ಬೊಬ್ಬರ ಜಾರತಿದ್ರು, ನಾನು ಕೊರಿಯರ್ ದರ ಹೆಚ್ಚಾತು, ಮಂದಿ ಕಡೆ ರೊಕ್ಕ ಇಲ್ಲ ಅಂತ ಬ್ಯಾರೆ ಕಾರಣ ಹುಡಕ್ಕೋಂತ ಇರ್ತಿದ್ದೆ.

ಅವತ್ತಿನಿಂದ ಕೆಲವು ಪದ್ಧತಿ ಹಾಕ್ಕೊಂಡೀನಿ. ಅಗಸಿ ಆರ್ಡರ್ ಬಂದ ಮ್ಯಾಲ ಹುರಿಯೂದು, ಪರಾತದಾಗ ಹರವಿ ಪೂರ್ತಿ ಆರಿಸಿ ಕಟ್ಟೂದು. ಪಾಕೀಟಿನ ಮ್ಯಾಲ ಮಾಡಿದ ತಾರೀಖು, ಎಷ್ಟು ದಿನದೊಳಗ ತಿನ್ನಬೇಕು ಅನ್ನೂದು ಬರಿಯೂದು. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದೆ. ನಾ ಮಾಡಿಸಿದಾಗ ವರ್ಷಕ್ಕ 100 ರೂಪಾಯಿ ಶುಲ್ಕ ಇತ್ತು. 14 ಅಂಕಿ ನಂಬರ್ ಕೊಡ್ತಾರ, ಅದೂ ಪಾಕೀಟಿನ ಮ್ಯಾಲ ಇರಬೇಕು. ಮತ್ತ ಒಂದು ನೋಟಬುಕ್ಕು. ಯಾರು ಏನು ತೊಗೊಂಡ್ರು, ಯಾರಿಗೆ ಖಾರ ಕಡಿಮಿ, ಯಾರ ಮನ್ಯಾಗ ಬಳ್ಳೊಳ್ಳಿ ತಿನ್ನಂಗಿಲ್ಲ, ಎಲ್ಲಾ ಬರಿದಿಡ್ತೀನಿ. ಡಬ್ಬಿ ಮುಟ್ಟಿ ಎಂಟು ದಿನಕ್ಕ ಒಂದು ಮಾತು ಕೇಳ್ತೀನಿ. "ಹೆಂಗೈತ್ರಿ?" ಅಂತ ಕೇಳಂಗಿಲ್ಲ, ಹಂಗ ಕೇಳಿದ್ರ "ಛಲೋ ಐತಿ" ಅಂತನ ಬರ್ತೈತಿ. "ಮುಂದಿನ ಸಲ ಏನು ಬ್ಯಾರೆ ಮಾಡ್ಲಿ?" ಅಂತ ಕೇಳ್ತೀನಿ. ಹಂಗ ಕೇಳಿದ್ರ ಬಾಯಿ ಬಿಡ್ತಾರ.

ಇನ್ನೊಂದು, ದಿನಾ ಮುಂಜಾನೆ ಎಲ್ಲಾರಿಗೂ ಒಂದ ಮೆಸೇಜ್ ಒಗಿಯೂದು ಬಿಟ್ಟೀನಿ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್‌ನ್ಯಾಗ 256 ಮಂದೀನ ಹಾಕಬಹುದು ಖರೇ, ಆದ್ರ ನಮ್ಮ ನಂಬರ್ ಯಾರು ಉಳಿಸಿಟ್ಟುಕೊಂಡಾರ ಅವರಿಗಷ್ಟ ಅದು ಮುಟ್ಟತೈತಿ. ಬ್ಯಾಸರಾಗಿ ಒಮ್ಮೆ ಅಳಿಸಿದ್ರಂದ್ರ ನಾವು ಒದರಿದ್ದು ಗ್ವಾಡಿಗೆ ಒದರಿದಂಗ.

ಬಳಗದ ವಿಷಯಕ್ಕ ಬರೋಣು. ಮನಿಯವ್ರಿಗೆ ಕಡಿಮಿ ದರ, ಉದ್ರಿ, "ಅಯ್ಯ ಇರ್ಲಿ ಬಿಡ್ರಿ" ಅನ್ನೂದು ವ್ಯಾಪಾರಕ್ಕೂ ಛಲೋ ಅಲ್ಲ, ಸಂಬಂಧಕ್ಕೂ ಛಲೋ ಅಲ್ಲ. ಪುಕ್ಕಟೆ ತಿಂದಾಕಿ ಖರೇ ಹೇಳಾಕ ಅಂಜತಾಳ. ನನ್ನ ನೆಗೆಣ್ಣಿಗೆ ಆ ಪಾಕೀಟ್ ಅರ್ಧಾ ದರದಾಗ ಕೊಟ್ಟಿದ್ದೆ. ಅದಕ್ಕ ಅಕಿ ಬಾಯಿ ಕಟ್ಟಿತ್ತು. ಆಮ್ಯಾಲ ಅಕಿಗೆ ಅರ್ಧಾ ರೊಕ್ಕ ತಿರುಗಿ ಕೊಡಾಕ ಹ್ವಾದಾಗ ಇಬ್ಬರೂ ನಕ್ಕು, ಇನ್ನ ಮ್ಯಾಲ ಪೂರಾ ರೊಕ್ಕ, ಪೂರಾ ಮಾತು ಅಂತ ಕರಾರ ಮಾಡ್ಕೊಂಡ್ವಿ. ತವರಮನಿಗೆ ಒಯ್ಯೂದು ಬ್ಯಾರೆ, ಅದು ಮಾರಿದ್ದಲ್ಲ, ಕೊಟ್ಟಿದ್ದು. ಎರಡೂ ಕಲಿಸಬಾರದು.

ನೀವೂ ಗಿರಾಕಿ ಆಗಿದ್ದಾಗ ಒಂದು ಉಪಕಾರ ಮಾಡ್ರಿ. ಓಣ್ಯಾಗಿನ ಹುಡುಗಿ ಹಪ್ಪಳದಾಗ ಉಪ್ಪು ಹೆಚ್ಚಾದ್ರ ಅಕಿ ಹಿಂದ ನಾಕು ಮಂದಿ ಮುಂದ ಆಡಬ್ಯಾಡ್ರಿ, ಅಕಿ ಮುಂದ ಹೇಳ್ರಿ. ಬೈಯೂದು ಬ್ಯಾಡ, ಹೇಳಿದ್ರ ಸಾಕು. ಕೈ ಮುಗಿಯೂ ಚಿತ್ರದಿಂದ ಯಾರ ಹಪ್ಪಳಾನೂ ಸುಧಾರಿಸಂಗಿಲ್ಲ.

ಸೊಲ್ಲಾಪುರದಾಕಿ ಈಗೂ ತಿಂಗಳಿಗೊಮ್ಮೆ ತರಿಸ್ತಾಳ, ತಿಂಗಳಿಗೊಮ್ಮೆ ಏನರ ಒಂದು ಅಂತಾಳ. ಅಕಿ ಫೋನ್ ಬರೂದು ಒಂದು ವಾರ ತಡಾ ಆತಂದ್ರ ನಾನ ಮತ್ತ ಡಬ್ಬಿ ಬಾಯಿ ತೆರೆದು ಮೂಸಿ ನೋಡ್ತೀನಿ.

ನಿನ್ನೆ ಸಂಜಿಕ ತಂಗಿ ಮಗಳ ಫೋನ್ ಮತ್ತ ಬಂತು. ಐದರೊಳಗ ನಾಕು ಮಂದಿ "ಏನಿಲ್ರಿ, ಛಲೋ ಐತಿ" ಅಂದ್ರಂತ. ಐದನೇದಾಕಿ ಮಾತ್ರ, "ಫೋಟೋದಾಗ ಕುಂಕುಮ ಬಣ್ಣ ಇತ್ತು, ಬಂದದ್ದು ಬದನಿಕಾಯಿ ಬಣ್ಣ. ಮಗಳ ಸೀಮಂತಕ್ಕ ತರಿಸಿದ್ದೆ, ಉಡಸಾಕ ಆಗ್ಲಿಲ್ಲ" ಅಂದ್ಲಂತ. ನಮ್ಮ ಹುಡುಗಿ ರಾತ್ರಿ ಟ್ಯೂಬ್‌ಲೈಟಿನ ಬುಡಕ ಫೋಟೋ ತೆಗೀತಿದ್ಲು. ಇವತ್ತು ಮುಂಜಾನೆದ್ದು ಎಲ್ಲಾ ಸೀರಿನೂ ಗಚ್ಚಿನ ಮ್ಯಾಲ ಒಯ್ದು ಬಿಸಿಲಾಗ ಹರವಿ ಕುಂತಾಳಂತ.